ಪೊಟ್ಟಣದ ಬೆನ್ನನ್ನೂ ಓದಿ

ಅಂಗಡಿಯಿಂದ ತಂದ ಖಾರದ ಪೊಟ್ಟಣವನ್ನು ನೀವು ಎಂದಾದರೂ ತಿರುಗಿಸಿ ನೋಡಿದ್ದೀರಾ? ಬೆಲೆ, ತಾರೀಖು, ಸಸ್ಯಾಹಾರದ ಹಸಿರು ಚುಕ್ಕೆ. ಹೆಚ್ಚಿನವರ ಓದು ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಓದುಗರನ್ನು ದೂರಿ ಫಲವಿಲ್ಲ. ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಕಾನೂನಿಗೆ ಸಾಕು. ಕನ್ನಡ ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯ. ಸಿಂಧನೂರು ಸೀಮೆಯ ಗೊರೇಬಾಳದಂಥ ಊರಿನಲ್ಲಿ ಅಡುಗೆ ಮಾಡುವ ತಾಯಿಗೆ ಆ ಸಣ್ಣಕ್ಷರ ಇದ್ದೂ ಇಲ್ಲದಂತೆ.

ಮನೆಯಲ್ಲಿ ರಕ್ತದೊತ್ತಡದ ಹಿರಿಯರಿದ್ದರೆ ಇದು ಸಣ್ಣ ಮಾತಲ್ಲ. ವೈದ್ಯರು ಉಪ್ಪು ಕಡಿಮೆ ಮಾಡಿ ಎನ್ನುತ್ತಾರೆ, ನೀವು ಸಾರಿಗೆ ಉಪ್ಪು ತಗ್ಗಿಸುತ್ತೀರಿ. ಅದೇ ಸಂಜೆ ಅಜ್ಜ ಚಹಾದ ಜೊತೆ ಪೊಟ್ಟಣದ ಖಾರ ಮೆಲ್ಲುತ್ತಾರೆ. ಪೋಷಕಾಂಶಗಳ ಪಟ್ಟಿಯಲ್ಲಿ ‘ಉಪ್ಪು’ ಎಂದು ಹುಡುಕಿದರೆ ಸಿಗುವುದಿಲ್ಲ. ‘ಸೋಡಿಯಂ’ ಎಂದಿರುತ್ತದೆ, ಅದೂ ಮಿಲಿಗ್ರಾಂನಲ್ಲಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2 ಗ್ರಾಂ ಉಪ್ಪು. ಅಜ್ಜ 50 ಗ್ರಾಂ ತಿಂದರೆ ಒಂದು ಗ್ರಾಂ ಒಳಗೆ ಹೋಯಿತು. ವಯಸ್ಕರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ ಬೇರೆ ಇವೆಯಲ್ಲ!

2020ರ ನಿಯಮದಂತೆ, ಒಂದು ಸಲ ತಿನ್ನುವ ಪ್ರಮಾಣ ದಿನದ ಅಗತ್ಯದ ಶೇಕಡಾ ಎಷ್ಟು ಎಂಬುದನ್ನೂ ಮುದ್ರಿಸಬೇಕು. ಅದು ದಿನಕ್ಕೆ 2000 ಕ್ಯಾಲೊರಿಯ ಲೆಕ್ಕ. ನಾಲೆ ನೀರಿನ ಗದ್ದೆಯಲ್ಲಿ ದಿನವಿಡೀ ದುಡಿಯುವವರಿಗೆ ಇಷ್ಟು ಸಾಲದು. ಕುಳಿತು ಕೆಲಸ ಮಾಡುವ ಹಲವರಿಗೆ ಇದೇ ಹೆಚ್ಚು.

ಪದಾರ್ಥಗಳ ಪಟ್ಟಿಗೂ ಒಂದು ಕ್ರಮವಿದೆ. ತೂಕದಲ್ಲಿ ಹೆಚ್ಚಿರುವುದು ಮೊದಲು. ಮಕ್ಕಳ ಪೇಯದ ಪುಡಿಯಲ್ಲಿ ಸಕ್ಕರೆ ಎರಡನೆಯ ಸ್ಥಾನದಲ್ಲಿದ್ದರೆ ಮುಂಬದಿಯ ಚಿತ್ರವನ್ನು ನಂಬಬೇಡಿ. ‘ಸಕ್ಕರೆ ಬೆರೆಸಿಲ್ಲ’ ಎಂದರೆ ಸಕ್ಕರೆ ಇಲ್ಲವೆಂದಲ್ಲ. ಹಣ್ಣಿನ ರಸದಲ್ಲಿ ಅದು ಸಹಜವಾಗಿಯೇ ಇರುತ್ತದೆ, ಮಧುಮೇಹಿಗಳು ಗಮನಿಸಿ. ಶೇಂಗಾ ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಕಂಡರೆ ಹೆಚ್ಚಿನ ಹಣ ಕೊಡಬೇಕಿಲ್ಲ. ಯಾವ ಸಸ್ಯಜನ್ಯ ಎಣ್ಣೆಯೂ ಹೇಳಿಕೊಳ್ಳಬಹುದಾದ ಮಾತದು.

ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಗೆ ಪೊಟ್ಟಣ ಕೊಡಿ. ಸೋಡಿಯಂ, ಸಕ್ಕರೆ, ಈ ಎರಡು ಸಾಲು ಓದಿಸಿದರೆ ಸಾಕು. ತೀರ ಪುಟ್ಟ ಪೊಟ್ಟಣಗಳಿಗೆ, ಅಂದರೆ ಮೇಲ್ಮೈ 100 ಚದರ ಸೆಂಟಿಮೀಟರ್ ಮೀರದವಕ್ಕೆ, ಈ ವಿವರಗಳಿಂದ ವಿನಾಯಿತಿ ಇದೆ. ಅವು ಬಂದ ದೊಡ್ಡ ಡಬ್ಬಿಯನ್ನು ತೋರಿಸುವಂತೆ ಅಂಗಡಿಯವರನ್ನು ಕೇಳಿ.