ನಮ್ಮ ಹೆಣ್ಣುಮಕ್ಕಳೂ ವಿಜ್ಞಾನಶಾಲೆಯ ಅಧಿಕಾರವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಯಾವ ಕಾಲೇಜಿಗೆ ಹೋಗಿ ನೋಡಿದರೂ ವಿಜ್ಞಾನದ ತರಗತಿಯಲ್ಲಿ ಹೆಣ್ಣುಮಕ್ಕಳು ಕುಳಿತಿರುವದು ಈಗ ಸರ್ವಸಾಧಾರಣ ನೋಟವಾಗಿದೆ. ಅವರನ್ನು ಓದಿಸಬೇಕೋ ಬೇಡವೋ ಎಂಬ ವಾದವು ನಮ್ಮ ಕಡೆಯ ಗೃಹಸ್ಥರಲ್ಲಿ ಬಹುಮಟ್ಟಿಗೆ ಮುಗಿದುಹೋಯಿತು. ಆದರೆ ಓದಿದ ಮಗಳು ಮುಂದೆ ಒಂದು ಪ್ರಯೋಗಶಾಲೆಯನ್ನೋ ಕಾರಖಾನೆಯನ್ನೋ ತಾನೇ ನಿಂತು ನಡೆಸಬೇಕು, ಹತ್ತು ಜನ ಗಂಡಸರು ಅವಳ ಅಪ್ಪಣೆಯಂತೆ ಕೆಲಸ ಮಾಡಬೇಕು ಎಂಬ ಮಾತು ಬಂದರೆ ಅದೇ ಗೃಹಸ್ಥರು ನಕ್ಕು ಸುಮ್ಮನಾಗುವರು. ಪದವಿಯು ಬೀಗರ ಮುಂದೆ ಹೇಳಿಕೊಳ್ಳಲು ಸಾಕು, ಅಧಿಕಾರವೇತಕ್ಕೆ? ಚನ್ನಮ್ಮ ರಾಣಿಯು 1824ರಲ್ಲಿ ಆಂಗ್ಲರನ್ನು ಎದುರಿಸಿದ್ದನ್ನು ಕಿತ್ತೂರಿನಲ್ಲಿ ವರ್ಷವರ್ಷವೂ ಉತ್ಸವ ಮಾಡಿ ಕೊಂಡಾಡುವ, ಬೈಲಹೊಂಗಲದಲ್ಲಿರುವ ಆಕೆಯ ಸಮಾಧಿಗೆ ಮಾಲೆ ಹಾಕುವ ನಾವೇ ಹೀಗೆ ಕೇಳುತ್ತಿರುವದು ವಿಚಿತ್ರವೇ ಸರಿ.

ಸಂಸ್ಕೃತ ಕಲಿತ ನಮಗೆ ಇಲ್ಲಿ ಭಾಸ್ಕರಾಚಾರ್ಯರ ‘ಲೀಲಾವತಿ’ಯ ನೆನಪು ಬರುತ್ತದೆ. 1150ರ ಸುಮಾರಿಗೆ ರಚಿತವಾದ ಆ ಗಣಿತಗ್ರಂಥದಲ್ಲಿ ಎಷ್ಟೋ ಲೆಕ್ಕಗಳನ್ನು ಕೇಳಿರುವದು ಒಬ್ಬ ಬಾಲೆಗೆ. ಆಕೆ ಆಚಾರ್ಯರ ಮಗಳೆಂದೂ, ಗಳಿಗೆಬಟ್ಟಲಿನ ರಂಧ್ರದಲ್ಲಿ ಮುತ್ತು ಸಿಕ್ಕಿಕೊಂಡು ಮುಹೂರ್ತ ತಪ್ಪಿ ಅವಳ ಮದುವೆ ನಿಂತಿತೆಂದೂ, ಅವಳ ಸಮಾಧಾನಕ್ಕಾಗಿ ತಂದೆಯು ಗ್ರಂಥಕ್ಕೆ ಅವಳ ಹೆಸರಿಟ್ಟನೆಂದೂ ಐತಿಹ್ಯವಿದೆ. ಕಥೆ ನಿಜವೋ ಸುಳ್ಳೋ, ಅದಿರಲಿ. ಹೆಸರು ಉಳಿಯಿತು, ಆ ಬಾಲೆ ಕೊಟ್ಟ ಉತ್ತರ ಒಂದೂ ಉಳಿಯಲಿಲ್ಲ.

ಉತ್ತರ ಕೊಟ್ಟವರ ಸಂಗತಿಯನ್ನು ಈಗ ಹೇಳುವೆವು. 1933ರಲ್ಲಿ ಕಮಲಾ ಭಾಗವತ ಎಂಬ ತರುಣಿಯು ಮುಂಬಯಿ ವಿಶ್ವವಿದ್ಯಾಲಯದ ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಅರ್ಜಿ ಹಾಕಿದರು. (ನಮ್ಮ ಬೆಳಗಾವಿ ಜಿಲ್ಲೆಯೂ ಆಗ ಮುಂಬಯಿ ಇಲಾಖೆಗೇ ಸೇರಿದ್ದೆಂಬದನ್ನು ವಾಚಕರು ಮರೆಯಬಾರದು.) ಅವರ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಕಲಿತವರು. ಆದರೂ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು, ಅರ್ಜಿದಾರಳು ಹೆಣ್ಣೆಂಬ ಒಂದೇ ಕಾರಣಕ್ಕೆ ಒಲ್ಲೆನೆಂದರು. ಕಮಲಾಬಾಯಿಯವರು ಹಿಂದಿರುಗಲಿಲ್ಲ, ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷದ ಪರೀಕ್ಷಾರ್ಥ ಪ್ರವೇಶ ಸಿಕ್ಕಿತು: ಕೆಲಸವು ನಿರ್ದೇಶಕರಿಗೆ ತೃಪ್ತಿಯಾದ ಮೇಲೆಯೇ ಮಾನ್ಯತೆ, ಅವರಿರುವದರಿಂದ ಗಂಡಸರ ಚಿತ್ತ ಚಂಚಲವಾಗತಕ್ಕದ್ದಲ್ಲ! ಗಂಡಸರ ಚಿತ್ತದ ಹೊಣೆಯನ್ನು ಗಂಡಸರಿಗೇ ಏಕೆ ಒಪ್ಪಿಸಲಿಲ್ಲವೋ ನಮಗೆ ತಿಳಿಯದು. ವರ್ಷ ತುಂಬುವಷ್ಟರಲ್ಲಿ ರಾಮನ್ನರು ತಮ್ಮ ಮತವನ್ನು ಬದಲಿಸಿದರು. ಅನಂತರ ಬಂದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಹಾಲು, ಬೇಳೆಕಾಳುಗಳ ಸತ್ವವನ್ನು ಇಲ್ಲಿ ಪರಿಶೀಲಿಸಿದ ಕಮಲಾಬಾಯಿಯವರು ಮುಂದೆ ಕೇಂಬ್ರಿಜಿಗೆ ಹೋಗಿ, ಆಲೂಗಡ್ಡೆಯಿಂದ ಮೊದಲು ಮಾಡಿ ಸಸ್ಯಗಳ ಜೀವಕೋಶಗಳಲ್ಲೆಲ್ಲ ಉಸಿರಾಟಕ್ಕೆ ಬೇಕಾದ ‘ಸೈಟೋಕ್ರೋಮ್ ಸಿ’ ಎಂಬ ದ್ರವ್ಯವಿರುವದನ್ನು ತೋರಿಸಿ 1939ರಲ್ಲಿ ಡಾಕ್ಟರೇಟ್ ಪಡೆದರು. ಸ್ವದೇಶಕ್ಕೆ ಮರಳಿ ಸೋಹೋನಿ ಮನೆತನದ ಸೊಸೆಯಾದರು, ನೀರಾ ಎಂಬ ಪಾನೀಯದ ಪೋಷಕಗುಣಗಳನ್ನು ಪರೀಕ್ಷಿಸಿದರು, ಮುಂಬಯಿಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕಿಯೂ ಆದರು. ಬಾಗಿಲಲ್ಲಿ ತಡೆಯಲ್ಪಟ್ಟವರು ನಿರ್ದೇಶಕರ ಕುರ್ಚಿಯಲ್ಲಿ ಕುಳಿತದ್ದು ಹೀಗೆ.

ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿಯವರದು ಇನ್ನೊಂದು ಉದಾಹರಣೆ. ಅವರು 1943ರಲ್ಲಿ ಅದೇ ಬೆಂಗಳೂರಿನ ಸಂಸ್ಥೆಯನ್ನು ಸೇರಿ, ಅಮೇರಿಕೆಯ ಮಿಶಿಗನ್ನಿನಲ್ಲಿ ಉಚ್ಚವ್ಯಾಸಂಗ ಮಾಡಿ, 1953ರಲ್ಲಿ ತಿರುಗಿ ಬಂದು ಅಧ್ಯಾಪಕಿಯಾದರು. ರೇಡಾರ್ ಯಂತ್ರಕ್ಕೆ ಜೀವಾಳವಾದ ಮೈಕ್ರೋವೇವ್ ತರಂಗಗಳ ಶಾಸ್ತ್ರವೇ ಅವರ ವಿಷಯ. ಸಹೋದ್ಯೋಗಿಯಾದ ಶಿಶಿರಕುಮಾರ ಚಟರ್ಜಿಯವರನ್ನು ಮದುವೆಯಾದರು, ಒಬ್ಬ ಮಗಳನ್ನು ಬೆಳೆಸಿದರು, ತಮ್ಮ ವಿಭಾಗದ ಮುಖ್ಯಸ್ಥೆಯಾಗಿಯೂ ಇದ್ದು 1982ರಲ್ಲಿ ನಿವೃತ್ತರಾದರು. ಸಂಸಾರವು ಅವರ ಕೆಲಸವನ್ನು ನುಂಗಲಿಲ್ಲ. ಗಂಡನೂ ಅದೇ ಕೆಲಸದ ಬೆಲೆಯನ್ನು ಬಲ್ಲವನಾಗಿದ್ದನೆಂಬದು ಸಣ್ಣ ಸಂಗತಿಯಲ್ಲ.

ಇದೆಲ್ಲ ಬೆಂಗಳೂರಿನ ಮಾತೆನ್ನುವಿರೇನು? ನಮ್ಮ ನೆರೆಯ ಹುಬ್ಬಳ್ಳಿಯಲ್ಲಿ, ಶಿಗ್ಗಾವಿಯಲ್ಲಿ ಜನಿಸಿದ ಸುಧಾ ಕುಲಕರ್ಣಿಯವರು (ಈಗಿನ ಸುಧಾ ಮೂರ್ತಿಯವರು) ಇಂಜಿನಿಯರಿಂಗ್ ಕಲಿಯಹೋದಾಗ ಇಡೀ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಗೃಹವೇ ಇರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಸ್ತ್ರೀಯರು ಅರ್ಜಿ ಹಾಕುವ ಅಗತ್ಯವಿಲ್ಲವೆಂದು ಸಾರಿದ್ದ ಟೆಲ್ಕೋ ಕಂಪನಿಯ ಜಾಹೀರಾತನ್ನು 1974ರಲ್ಲಿ ಕಂಡು, ಜೆ. ಆರ್. ಡಿ. ತಾತಾ ಅವರಿಗೇ ಅಂಚೆಕಾರ್ಡು ಬರೆದು, ಆ ಕೆಲಸವನ್ನು ಪಡೆದ ಕಥೆಯನ್ನು ನಮ್ಮ ಮನೆಗಳಲ್ಲಿ ಬಲ್ಲದವರಿಲ್ಲ. 2011ರ ಜುಲೈ 15ರಂದು ಆಕಾಶಕ್ಕೇರಿದ ಜಿಸ್ಯಾಟ್-12 ಎಂಬ ಸಂಪರ್ಕ ಉಪಗ್ರಹದ ಯೋಜನಾ ನಿರ್ದೇಶಕಿ ಬೆಂಗಳೂರಿನವರಾದ ಟಿ. ಕೆ. ಅನುರಾಧಾ ಅವರು. 1982ರಲ್ಲಿ ಇಸ್ರೋ ಸಂಸ್ಥೆಯನ್ನು ಸೇರಿದವರು ಆ ಪದವಿಗೆ ಏರಲು ಎಷ್ಟು ವರ್ಷ ಹಿಡಿಯಿತೆಂಬದನ್ನು ಲೆಕ್ಕ ಹಾಕಿರಿ.

ನಮ್ಮ ಮಾತೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ. ಮುಂದಾಳುತನವು ಪದವಿಯ ಕಾಗದದೊಂದಿಗೆ ಬರುವದಿಲ್ಲ. ಅದರ ನಂತರ ಹದಿನೈದಿಪ್ಪತ್ತು ವರ್ಷ ಬಿಡದೆ ಕೆಲಸದಲ್ಲಿದ್ದವರಿಗೆ ಬರುತ್ತದೆ. ನಾವಾದರೋ ಇಪ್ಪತ್ತೆರಡನೆಯ ವರ್ಷಕ್ಕೆ ಅಲ್ಲಿಂದ ಬಿಡಿಸಿ ತರುತ್ತೇವೆ. ಎರೆಯ ಹೊಲದಲ್ಲಿ ಹತ್ತಿ ಬೆಳೆದು, ಕಾಯಿ ಒಡೆಯುವ ಹೊತ್ತಿಗೆ ಗಿಡ ಕಿತ್ತವರನ್ನು ನಮ್ಮ ಸೀಮೆಯ ಒಕ್ಕಲಿಗರು ಏನೆಂದಾರು? ಪರಸ್ಥಳಕ್ಕೆ ಕಳಿಸಲು ಅಂಜಿಕೆಯೆಂಬ ನೆವವೂ ಸಲ್ಲದು. ಕಿತ್ತೂರಿನಲ್ಲಿ ಚನ್ನಮ್ಮ ರಾಣಿಯ ಹೆಸರಿನ ಬಾಲಕಿಯರ ವಸತಿ ಸೈನಿಕ ಶಾಲೆಯು 1969ರಿಂದ ನಡೆದಿದೆ. ದೂರದೂರದ ಊರವರು ಚಿಕ್ಕ ಹುಡುಗಿಯರನ್ನು ಅಲ್ಲಿ ಬಿಟ್ಟು ಹೋಗುತ್ತಾರೆ. ಹತ್ತು ವರ್ಷದವಳನ್ನು ಬಿಡಬಲ್ಲವರು ಇಪ್ಪತ್ತೆರಡರವಳನ್ನು ಬಿಡಲಾರರೆ?

ಅನ್ಯರನ್ನು ಅನ್ನುವದಕ್ಕಿಂತ ಮೊದಲು ನಮ್ಮದನ್ನು ಹೇಳಿಬಿಡುವದು ಒಳ್ಳೇದು. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಕೈಯಲ್ಲಿ ಕಲಿತ ಒಬ್ಬ ಹುಡುಗಿ ಭೌತಶಾಸ್ತ್ರದಲ್ಲಿ ಬಿ. ಎಸ್‌ಸಿ. ಮುಗಿಸಿ, ಮುಂದಿನ ಓದಿಗೆ ಬೆಂಗಳೂರಿನಲ್ಲಿ ಜಾಗ ದೊರಕಿಸಿಕೊಂಡಿದ್ದಳು. ಅದೇ ವೇಳೆಗೆ ಸಂಬಂಧವೊಂದು ಕೂಡಿಬಂತು. ಅವಳ ತಂದೆ ನಮ್ಮ ಮನೆಗೆ ಬಂದು, “ಮಾಸ್ತರ್, ನೀವ ಹೇಳ್ರಿ, ಏನ್ ಮಾಡ್ಲಿ?” ಎಂದು ಕೇಳಿದರು. ಒಳ್ಳೆಯ ಮನೆತನ, ಬಿಡಬೇಡಿರೆಂದು ನಾವು ಹೇಳಿದೆವು. ಅವಳಿಗೆ ಏನು ಬೇಕಾಗಿದೆಯೆಂದು ಕೇಳಲಿಲ್ಲ.

ಹೋದ ತಿಂಗಳು ಬೈಲಹೊಂಗಲದ ಪೇಟೆಯಲ್ಲಿ ಅವಳು ಭೆಟ್ಟಿಯಾದಳು. ಜೊತೆಗಿದ್ದ ಮಗಳು ಬಿ. ಇ. ಕೊನೆಯ ವರ್ಷದಲ್ಲಿದ್ದಾಳಂತೆ, ಸಂಶೋಧನೆಗೆ ಹೋಗುವ ಮನಸ್ಸಂತೆ. ಮನೆಯಲ್ಲಿ ವರನ ಮಾತು ನಡೆದಿದೆ. ನಮಸ್ಕರಿಸಿ, ಮೆಲ್ಲಗೆ ಹೇಳಿದಳು: “ಗುರುಗಳ, ನಮ್ಮ ಮನೆಯವರು ನಿಮ್ಮ ಮಾತಿಗೆ ಭಾಳ ಬೆಲಿ ಕೊಡ್ತಾರ್ರಿ. ಈ ಸಲ ಬಂದು ಹೇಳ್ತೀರೇನ್ರಿ?”

ಬರುವ ರವಿವಾರ ಅವರ ಮನೆಗೆ ಹೋಗುವವರಿದ್ದೇವೆ.