ಪೂರ್ವಜ್ಞಾನ ಎಂಬ ಕಾಲಂ

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕಾವ್ಯ, ಕಥೆ, ಆತ್ಮಕಥೆಗಳ ಕಡೆಗೆ ತಿರುಗುತ್ತೇವೆ. ಅದು ಸಹಜವೇ. ಆದರೆ ಒಂದು ಪಠ್ಯವನ್ನು ಹೀಗೆಯೇ ಓದಬೇಕು ಎಂಬ ತೀರ್ಮಾನ ಮೊದಲು ಆಗುವುದು ವಿಮರ್ಶೆಯ ಪುಸ್ತಕದಲ್ಲಲ್ಲ. ಅದು ಆಗುವುದು ಎಂಟನೇ ಕ್ಲಾಸಿನ ಕೊಠಡಿಯಲ್ಲಿ, ಕನ್ನಡ ಮೇಷ್ಟ್ರ ಬಾಯಲ್ಲಿ. ಆ ಮೇಷ್ಟ್ರು ತಯಾರಾಗುವುದು ಬಿ.ಎಡ್. ಕಾಲೇಜಿನಲ್ಲಿ. ಅಲ್ಲಿಗೆ ನಮ್ಮ ವಿಮರ್ಶೆ ಹೆಚ್ಚಾಗಿ ಹೋಗಿಲ್ಲ. ನಾನು ಎಂ.ಎ. ಮುಗಿಸಿ ಆ ಬಾಗಿಲು ದಾಟಿ ಬಂದವನು. ಈಗ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ಶಾಲೆಗೆ ಕಾಲಿಡುವ ಮುಂಚಿನ ಆ ತಯಾರಿಯ ತಿಂಗಳುಗಳಲ್ಲಿ ನನಗೆ ಏನಾಯಿತು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಬಿ.ಎಡ್. ಒಳಗಿನ ವ್ಯವಸ್ಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಮುಂಚೆ ಒಂದು ವರ್ಷದ್ದಾಗಿದ್ದ ಈ ಕೋರ್ಸು 2014ರ ರಾಷ್ಟ್ರೀಯ ನಿಯಮಾವಳಿಯ ನಂತರ, 2015ರಿಂದ, ಎರಡು ವರ್ಷದ್ದಾಯಿತು. ಪ್ರಶಿಕ್ಷಣಾರ್ಥಿ ಒಟ್ಟು 20 ವಾರ ಶಾಲೆಯಲ್ಲಿರಬೇಕು: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಆದರೆ ಸೀದಾ ಮಕ್ಕಳ ಮುಂದೆ ಬಿಡುವುದಿಲ್ಲ. ಅದಕ್ಕೂ ಮುಂಚೆ ಸೂಕ್ಷ್ಮ ಬೋಧನೆ ಎಂಬ ಗರಡಿ ಇದೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ ಇದು. ನಮ್ಮ ದೇಶದಲ್ಲಿ ಇದು 36 ನಿಮಿಷದ ಒಂದು ಸುತ್ತಾಗಿ ರೂಢಿಗೆ ಬಂದಿದೆ. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಒಂದು ಸಲಕ್ಕೆ ಒಂದೇ ಕೌಶಲ: ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ವಿವರಿಸುವುದು, ಕಪ್ಪುಹಲಗೆ ಬಳಸುವುದು, ಹೀಗೆ. ಎದುರಿಗೆ ಮಕ್ಕಳಿರುವುದಿಲ್ಲ. ನಮ್ಮ ಸಹಪಾಠಿಗಳೇ ಏಳೆಂಟು ಜನ ಎಂಟನೇ ಕ್ಲಾಸಿನ ಹುಡುಗರಂತೆ ಕೂರುತ್ತಾರೆ. ಮೀಸೆ ಬಂದವರು, ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದ ತಾಯಂದಿರು, ಎಲ್ಲರೂ ಕೈ ಎತ್ತಿ "ಸಾರ್ ಸಾರ್" ಅಂತಾರೆ. ನೋಡಲಿಕ್ಕೆ ನಾಟಕದ ಹಾಗೆ ಇರುತ್ತದೆ. ನಾಟಕವೇ. ಆದರೆ ಅಲ್ಲಿ ಆಗುವ ಅವಮಾನ ಮಾತ್ರ ನಾಟಕವಲ್ಲ.

ನಂದು ಚಾಮರಾಜನಗರದ ಕಡೆ. ನಮ್ಮ ಕೇರಿಯ ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಳೆ ಎಂಬುದು ಆಳೆ, ಹಳ್ಳಿ ಎಂಬುದು ಅಳ್ಳಿ. ಎಂ.ಎ. ತರಗತಿಯಲ್ಲಿ ಸೆಮಿನಾರು ಓದುವಾಗ ಇದು ಯಾರಿಗೂ ಅಡ್ಡ ಬಂದಿರಲಿಲ್ಲ. ಇಲ್ಲಿ ಮೊದಲ ಸೂಕ್ಷ್ಮ ಪಾಠದ ಮೂರನೇ ನಿಮಿಷಕ್ಕೇ "ಎಲ್ರೂ ಒಂದೊಂದು ಆಳೆ ತಗೊಳ್ಳಿ" ಅಂದೆ. ಹಿಂದೆ ಕೂತಿದ್ದ ಮೇಲ್ವಿಚಾರಕರು ತಡೆದರು. "ಏನಪ್ಪಾ, ಎಂ.ಎ. ಮಾಡ್ಕೊಂಡು ಬಂದಿದೀಯ, ಆಳೆ ಅಂದ್ರೆ ಏನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ನಾನೂ ನಕ್ಕೆ ಎಂಬುದನ್ನು ಬರೆಯುವುದು ಇವತ್ತಿಗೂ ಕಷ್ಟ. ಅವರು ಕೆಟ್ಟವರಲ್ಲ. ನನ್ನ ಪಾಠದ ಪುಸ್ತಕವನ್ನು ಅವರಷ್ಟು ಶ್ರದ್ಧೆಯಿಂದ ತಿದ್ದಿದವರು ಬೇರೆ ಯಾರೂ ಇಲ್ಲ. ಆದರೆ ಅವರ ಕೈಯಲ್ಲಿದ್ದ ವೀಕ್ಷಣಾ ನಮೂನೆಯಲ್ಲಿ ಒಂದು ಸಾಲು ಇತ್ತು: 'ಶುದ್ಧ ಉಚ್ಚಾರಣೆ'. ಅದರ ಮುಂದೆ ನನಗೆ ಬಿದ್ದದ್ದು ಅತಿ ಕಡಿಮೆ ಅಂಕ.

ಆ ಹದಿನೈದು ದಿನ ಹಾಸ್ಟೆಲಿನ ತಾರಸಿಯ ಮೇಲೆ ನಿಂತು ಹಳ್ಳ, ಹಸಿವು, ಹೊಲ, ಹಾಡು ಎಂದು ಒದರಿದ್ದೇ ಒದರಿದ್ದು. ಕೊನೆಗೆ ಏನಾಯಿತೆಂದರೆ, ಹಕಾರ ಬೇಡದ ಕಡೆಯೂ ಬರತೊಡಗಿತು. ಆಕಾಶ ಹೋಗಿ ಹಾಕಾಶವಾಯಿತು. ಊರಿಗೆ ಹೋದಾಗ ಅವ್ವ, "ಯಾಕಪ್ಪ, ಗಂಟ್ಲು ಸರಿಯಿಲ್ವ?" ಅಂದಳು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಮೇಷ್ಟ್ರಾದವನಿಗೆ ಶಿಷ್ಟ ಉಚ್ಚಾರಣೆ ಬೇಡ ಎಂದು ನಾನು ವಾದಿಸುತ್ತಿಲ್ಲ. ಹಾಡು ಬೇರೆ, ಆಡು ಬೇರೆ. ಆ ವ್ಯತ್ಯಾಸ ಕೇಳಿಸದಿದ್ದರೆ ಮಕ್ಕಳು ಪರೀಕ್ಷೆಯಲ್ಲಿ ತಪ್ಪು ಬರೆಯುತ್ತಾರೆ. ನಷ್ಟವಾಗುವುದು ನಮ್ಮ ಮಕ್ಕಳಿಗೇ. ನಾನು ಹಕಾರ ಕಲಿತದ್ದು ಒಳ್ಳೆಯದೇ ಆಯಿತು. ಪ್ರಶ್ನೆ ಇರುವುದು 'ಶುದ್ಧ' ಎಂಬ ಪದದಲ್ಲಿ. ಸ್ಪಷ್ಟ ಉಚ್ಚಾರಣೆ ಎನ್ನಬಹುದಿತ್ತು, ಗ್ರಾಂಥಿಕ ಉಚ್ಚಾರಣೆ ಎನ್ನಬಹುದಿತ್ತು. ಶುದ್ಧ ಎಂದ ಕೂಡಲೇ ಅದರ ಎದುರಿನದು ಮೈಲಿಗೆಯಾಗುತ್ತದೆ. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂತು. ನಮ್ಮ ಸೀಮೆಯ ನುಡಿಯಲ್ಲಿ ಬರೆದ ಆ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆ ನುಡಿ ಗ್ರಂಥವಾದಾಗ ಅದರ ಮೇಲೆ ಸೆಮಿನಾರು ನಡೆಯುತ್ತದೆ, ಬದುಕಿರುವ ಬಾಯಲ್ಲಿ ಬಂದಾಗ ಅಂಕ ಕಳೆಯುತ್ತಾರೆ. ಬೂಸಾ ಚಳವಳಿ ನಡೆದದ್ದು 1973ರಲ್ಲಿ. ಯಾರ ಕನ್ನಡ, ಯಾರ ಸಾಹಿತ್ಯ ಎಂದು ಅಂದು ಬೀದಿಯಲ್ಲಿ ಎದ್ದ ಪ್ರಶ್ನೆ ವೀಕ್ಷಣಾ ನಮೂನೆಯ ತನಕ ಇನ್ನೂ ಬಂದು ತಲುಪಿಲ್ಲ.

ಸೂಕ್ಷ್ಮ ಬೋಧನೆ ಮುಗಿದ ಮೇಲೆ ಪೂರ್ಣ ಪಾಠಯೋಜನೆ. ಇದರ ಮೂಲ ಜರ್ಮನಿಯ ಹರ್ಬಾರ್ಟ್ (1776–1841). ಅವನ ಶಿಷ್ಯರು ಐದು ಮೆಟ್ಟಿಲುಗಳಾಗಿ ಕಟ್ಟಿದ ಕ್ರಮವೇ ಇವತ್ತಿಗೂ ನಮ್ಮ ಯೋಜನೆಗಳ ಅಸ್ಥಿಪಂಜರ. ಅದರ ಮೇಲೆ 1956ರ ಬ್ಲೂಮ್‌ನ ಉದ್ದೇಶಗಳ ವರ್ಗೀಕರಣದ ಅಂಗಿ. 'ವಿದ್ಯಾರ್ಥಿಯು ಕವಿಯ ಹೆಸರನ್ನು ಸ್ಮರಿಸಿಕೊಳ್ಳುವನು, ಪದಗಳ ಅರ್ಥವನ್ನು ಗುರುತಿಸುವನು' ಎಂದು ಪುಟಗಟ್ಟಲೆ ಬರೆಯಬೇಕು. ಈ ಎಲ್ಲದರ ಮೇಲೆ, ಮೊದಲ ಪುಟದಲ್ಲೇ, ಒಂದು ಸಣ್ಣ ಕಾಲಂ ಇರುತ್ತದೆ: ಪೂರ್ವಜ್ಞಾನ. ಅಂದರೆ ಈ ಪಾಠಕ್ಕೆ ಮುಂಚೆ ಮಕ್ಕಳಿಗೆ ಏನು ಗೊತ್ತಿದೆ. ಎಲ್ಲರೂ ಅಲ್ಲಿ ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಬಿ.ಎಡ್. ಇದ್ದದ್ದು ಆ ಒಂದು ಸಾಲಿನಲ್ಲಿ.

ನಾನು ಆರಿಸಿಕೊಂಡದ್ದು ರಾಘವಾಂಕನ ಹರಿಶ್ಚಂದ್ರಕಾವ್ಯದ ಗಾನರಾಣಿಯರ ಪ್ರಸಂಗ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಅನಾಮಿಕ ಹೆಣ್ಣುಗಳು ರಾಜನ ಮುಂದೆ ಹಾಡಿ ಕುಣಿಯುತ್ತಾರೆ. ಬಹುಮಾನವಾಗಿ ಅವನ ಮುತ್ತಿನ ಸತ್ತಿಗೆಯನ್ನು ಕೇಳುತ್ತಾರೆ. ಅವನು ಕೊಡುವುದಿಲ್ಲ. ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಕುಲದ ಕಾರಣಕ್ಕೆ ಅವನು ಒಪ್ಪುವುದಿಲ್ಲ. ಆಗ ಅವರು ಹೂಡುವ ವಾದ ಕನ್ನಡ ಕಾವ್ಯದಲ್ಲೇ ದೊಡ್ಡದು. ಕಣ್ಣು ನಮ್ಮನ್ನು ನೋಡಿತು, ಕಿವಿ ನಮ್ಮ ಹಾಡು ಕೇಳಿತು, ಬಾಯಿ ನಮ್ಮೊಡನೆ ಮಾತಾಡಿತು, ಮೂಗಿಗೆ ನಮ್ಮ ಮೈಯ ಗಾಳಿ ಬಂತು, ಇವಕ್ಕೆಲ್ಲ ಇಲ್ಲದ ಹೊಲೆ ಮುಟ್ಟುವುದಕ್ಕೆ ಮಾತ್ರ ಎಲ್ಲಿಂದ ಬಂತು ಎಂಬುದು ಆ ವಾದದ ತಿರುಳು. ಹದಿಮೂರನೇ ಶತಮಾನದ ಷಟ್ಪದಿಯಲ್ಲಿ ಈ ಪ್ರಶ್ನೆ ಇದೆ.

ನನ್ನ ಮೊದಲ ಯೋಜನೆಯಲ್ಲಿ ಪೂರ್ವಜ್ಞಾನದ ಎದುರಿಗೆ, 'ವಿದ್ಯಾರ್ಥಿಗಳು ಸತ್ಯಹರಿಶ್ಚಂದ್ರನ ಕಥೆಯನ್ನು ತಿಳಿದಿದ್ದಾರೆ' ಎಂದು ಬರೆದಿದ್ದೆ. ಮೌಲ್ಯ: ಸತ್ಯ. ಪೀಠಿಕಾ ಪ್ರಶ್ನೆ: ಸತ್ಯಕ್ಕಾಗಿ ರಾಜ್ಯ ಬಿಟ್ಟ ಅರಸ ಯಾರು? ದಲಿತ ಸಂಘಟನೆಯ ಕಾರ್ಯಕ್ರಮಗಳಲ್ಲಿ ಮಾತಾಡಿದ್ದ ನಾನು, ಸ್ನಾತಕೋತ್ತರ ಪದವೀಧರ, ಇಂಥ ಪಾಠವನ್ನು ಬರೆದೆ. ಯಾಕೆ ಬರೆದೆ? ಅಂಕ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಪಾಠಯೋಜನೆ ಅಂದರೆ ಹೀಗೇ ಇರುತ್ತದೆ ಎಂದು ಕೈ ತನ್ನಷ್ಟಕ್ಕೆ ತಾನು ಬರೆಯಿತು. ಯಜಮಾನ ಸಂಸ್ಕೃತಿ ಕೆಲಸ ಮಾಡುವುದು ಹೀಗೆ. ಭಾಷಣದಲ್ಲಿ ಅಲ್ಲ, ಖಾಲಿ ನಮೂನೆ ತುಂಬುವ ಕೈಯಲ್ಲಿ.

ಅಣಕು ತರಗತಿಯಲ್ಲಿ ಪಾಠ ಚೆನ್ನಾಗಿಯೇ ಹೋಗುತ್ತಿತ್ತು. ಹಕಾರ ಒಂದೂ ತಪ್ಪಲಿಲ್ಲ. ಆಗ ಸಹಪಾಠಿಯೊಬ್ಬ ಎದ್ದು ನಿಂತು, ಹುಡುಗನ ಧಾಟಿಯಲ್ಲಿ, "ಸಾರ್, ಅನಾಮಿಕ ಅಂದ್ರೇನು ಸಾರ್?" ಅಂದ. ಹೆಸರಿಲ್ಲದವರು ಅಂದೆ. "ಯಾಕ್ ಸಾರ್ ಹೆಸರಿಲ್ಲ?" ಅಂದ. ತರಲೆ ಮಾಡಲಿಕ್ಕೇ ಕೇಳಿದ್ದು ಅವನು. ನನಗೆ ಬಾಯಿ ಕಟ್ಟಿತು. ಉತ್ತರ ಗೊತ್ತಿತ್ತು. ಹೆಸರಿಡಲು ಇಷ್ಟವಿಲ್ಲದ ಜಾತಿಗೆ ಇಟ್ಟ ಹೆಸರು ಅದು, ನಮ್ಮ ಜಾತಿಯ ಹೆಸರು ಎನ್ನಬೇಕಿತ್ತು. "ಮುಂದಿನ ಪಾಠದಲ್ಲಿ ನೋಡೋಣ, ಕೂತ್ಕೋ" ಅಂದೆ. ಹಿಮ್ಮಾಹಿತಿಯಲ್ಲಿ ಮೇಲ್ವಿಚಾರಕರು, ವಿಷಯ ಪ್ರಭುತ್ವ ಸಾಲದು ಎಂದು ಬರೆದರು. ನನಗೆ ಸಾಲದೆ ಇದ್ದದ್ದು ವಿಷಯವಲ್ಲ.

ಆ ರಾತ್ರಿ ಪಾಠವನ್ನು ಪೂರಾ ಹರಿದು ಬರೆದೆ. ರೊಚ್ಚಿನಿಂದ ಬರೆದೆ ಅಂದರೂ ಸರಿಯೇ. ಪೂರ್ವಜ್ಞಾನ: 'ವಿದ್ಯಾರ್ಥಿಗಳಿಗೆ ಅಸ್ಪೃಶ್ಯತೆ ತಿಳಿದಿದೆ.' ಪೀಠಿಕಾ ಪ್ರಶ್ನೆ: ನಿಮ್ಮ ಊರಿನಲ್ಲಿ ಯಾರನ್ನು ಮುಟ್ಟಿಸಿಕೊಳ್ಳುವುದಿಲ್ಲ? ಬೆಳಿಗ್ಗೆ ನಮ್ಮ ಗುಂಪಿನ ಹಿರಿಯ ಅಕ್ಕನೊಬ್ಬಳಿಗೆ ತೋರಿಸಿದೆ. ಅವಳೂ ನಮ್ಮವಳೇ. ಎರಡು ಮಕ್ಕಳ ತಾಯಿ, ಖಾಸಗಿ ಶಾಲೆಯಲ್ಲಿ ಮೂರು ವರ್ಷ ಪಾಠ ಮಾಡಿ ಬಂದವಳು. ಹೊಗಳುತ್ತಾಳೆ ಅಂದುಕೊಂಡಿದ್ದೆ. ಅವಳು ಆ ಪ್ರಶ್ನೆಯ ಮೇಲೆ ಬೆರಳಿಟ್ಟು, "ಆ ಕ್ಲಾಸಲ್ಲಿ ನಮ್ ಮಕ್ಳೂ ಕೂತಿರ್ತವೆ ಕಣಪ್ಪ. ನೀನು ಇದನ್ನ ಕೇಳಿದ್ ತಕ್ಷಣ ಎಲ್ಲರ ಕಣ್ಣೂ ಎತ್ತಗ್ ತಿರುಗ್ತವೆ?" ಅಂದಳು.

ವೀಕ್ಷಣಾ ನಮೂನೆಯಲ್ಲಿ ಈ ಹಿಮ್ಮಾಹಿತಿಗೆ ಜಾಗವಿಲ್ಲ. ನಾನು ಮೇಷ್ಟ್ರಾಗಲು ಶುರುವಾದದ್ದು ಆ ಬೆಳಿಗ್ಗೆಯೇ ಎಂದು ನನ್ನ ನಂಬಿಕೆ. ಮೊದಲ ಯೋಜನೆಯಲ್ಲಿ ಜಾತಿಯನ್ನು ಮುಚ್ಚಿಟ್ಟಿದ್ದೆ. ಎರಡನೆಯದರಲ್ಲಿ ಜಾತಿಯನ್ನು ಬಯಲಿಗೆಳೆಯುವ ಆತುರದಲ್ಲಿ ಹದಿಮೂರು ವರ್ಷದ ಒಂದು ಹುಡುಗಿಯನ್ನು ಎಲ್ಲರ ಎದುರಿಗೆ ಎಳೆದು ನಿಲ್ಲಿಸುತ್ತಿದ್ದೆ. ವೇದಿಕೆಯ ಮೇಲಿನ ಭಾಷೆ ಬೇರೆ, ತರಗತಿಯ ಭಾಷೆ ಬೇರೆ. ಹಾಗಂತ ಸುಮ್ಮನಿರಲೂ ಆಗದು.

ಮೂರನೇ ಸಲ ಬರೆದಾಗ ಮಾಡಿದ್ದು ಇಷ್ಟೇ. ಉತ್ತರ ಕೊಡುವ ಭಾರವನ್ನು ಮಕ್ಕಳ ಮೇಲಿಂದ ತೆಗೆದು ರಾಜನ ಮೇಲೆ ಹೊರಿಸಿದೆ. ರಾಜ ಹಾಡು ಕೇಳಿದಾಗ ಅವನಿಗೆ ಏನಾಯಿತು? ಏನೂ ಆಗಲಿಲ್ಲ. ನೋಡಿದಾಗ? ಆಗಲೂ ಇಲ್ಲ. ಹಾಗಾದರೆ ತೊಂದರೆ ಶುರುವಾದದ್ದು ಯಾವ ಮಾತಿಗೆ? ಆ ಹೆಣ್ಣುಗಳ ವಾದಕ್ಕೆ ಅವನು ಕೊಟ್ಟ ಉತ್ತರ ಆ ವಾದಕ್ಕೆ ಉತ್ತರವೇ? ಸತ್ಯವಂತ ಎನಿಸಿಕೊಂಡವನು ಇಲ್ಲಿ ಯಾಕೆ ತಡವರಿಸುತ್ತಾನೆ? ಮುಂದೆ ಕಾಶಿಯಲ್ಲಿ ಅದೇ ರಾಜ ವೀರಬಾಹು ಎಂಬ ಹೊಲೆಯರ ಒಡೆಯನ ಆಳಾಗಿ ಸುಡುಗಾಡು ಕಾಯುತ್ತಾನೆ. ಆ ಎರಡು ದೃಶ್ಯಗಳನ್ನು ಪಕ್ಕಪಕ್ಕದಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಬಿಡುವುದು. ಸುಮ್ಮನೆ ಕಾಯುವುದು.

ರಾಘವಾಂಕನ ಬಗ್ಗೆ ನನಗೆ ತಕರಾರೂ ಇದೆ. ಅಂಥ ವಾದವನ್ನು ಆ ಹೆಣ್ಣುಗಳ ಬಾಯಿಗೆ ಕೊಟ್ಟ ಕವಿ ಅವರನ್ನು ಒಬ್ಬ ಋಷಿಯ ಸಿಟ್ಟಿನಿಂದ ಹುಟ್ಟಿಸುತ್ತಾನೆ. ಕೊನೆಗೆ ಅವರು ಹೊಡೆತ ತಿಂದೇ ಮರಳುತ್ತಾರೆ. ಅವರಿಗೆ ಊರಿಲ್ಲ, ಅಪ್ಪ ಅವ್ವ ಇಲ್ಲ, ಹೆಸರಂತೂ ಇಲ್ಲ. ಆದರೂ ವಾದ ಉಳಿದಿದೆ. ಕವಿ ಹೊಡೆದೋಡಿಸಿದ ಮೇಲೂ ಉಳಿಯಿತು ಅನ್ನೋದೇ ನನಗೆ ಮುಖ್ಯ. ಇದನ್ನು ಎಂಟನೇ ಕ್ಲಾಸಿಗೆ ಹೇಳಬೇಕೋ ಬೇಡವೋ ಎಂಬುದು ನನಗೆ ಈಗಲೂ ತೀರ್ಮಾನವಾಗಿಲ್ಲ. ಪಿ.ಯು. ಮಕ್ಕಳಿಗೆ ಹೇಳುತ್ತೇನೆ.

ಯಾರು ಮೇಷ್ಟ್ರಾಗಬೇಕು, ಅವರನ್ನು ಹೇಗೆ ತಯಾರು ಮಾಡಬೇಕು ಎಂಬುದು ನಮ್ಮ ಚಳವಳಿಗೆ ಹೊಸ ಪ್ರಶ್ನೆಯೇನಲ್ಲ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಫುಲೆ ದಂಪತಿಗಳಲ್ಲಿ ಸಾವಿತ್ರಿಬಾಯಿ ಶಿಕ್ಷಕಿಯ ತರಬೇತಿಯನ್ನೂ ಪಡೆದವರು. ಮೈಮೇಲೆ ಬಿದ್ದ ಸಗಣಿಯ ಕತೆಯನ್ನು ನಾವು ಹೇಳುತ್ತೇವೆ, ಆಕೆ ಪಾಠಕ್ಕೆ ತಯಾರಾದ ಕತೆಯನ್ನು ಹೇಳುವುದಿಲ್ಲ. 1882ರಲ್ಲಿ ಜೋತಿಬಾ ಫುಲೆ ಹಂಟರ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ, ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ದುಡಿಯುವ ಜನರೊಂದಿಗೆ ಬೆರೆಯಬಲ್ಲವರಾಗಿರಬೇಕು, ತರಬೇತಿ ಪಡೆದವರಾಗಿರಬೇಕು ಎಂದು ಕೇಳುತ್ತಾರೆ. ಎರಡೂ ಬೇಕು ಎಂಬುದನ್ನು ಗಮನಿಸಬೇಕು. ನಮ್ಮ ಜಾತಿಯವನು ಎಂಬುದೊಂದೇ ಸಾಕಾಗುವುದಿಲ್ಲ. ನನ್ನ ಎರಡನೇ ಯೋಜನೆಯೇ ಅದಕ್ಕೆ ಸಾಕ್ಷಿ. ಬರೀ ತರಬೇತಿಯೂ ಸಾಲದು, ಮೊದಲನೆಯದು ಅದಕ್ಕೆ ಸಾಕ್ಷಿ.

ಹದಿನಾರು ವಾರಕ್ಕೆ ಶಾಲೆಗೆ ಹೊರಡುವ ಹಿಂದಿನ ದಿನ ಪೂರ್ವಜ್ಞಾನದ ಕಾಲಂನಲ್ಲಿ ಏನು ಬರೆಯುವುದೆಂದು ತುಂಬಾ ಹೊತ್ತು ಕೂತೆ. ಕೊನೆಗೆ, 'ಮಕ್ಕಳನ್ನು ಕೇಳಿ ತಿಳಿಯುವುದು' ಎಂದು ಬರೆದೆ. ಮೇಲ್ವಿಚಾರಕರು ಕೆಂಪು ಇಂಕಿನಲ್ಲಿ ಅದರ ಸುತ್ತ ಒಂದು ಸೊನ್ನೆ ಸುತ್ತಿ, ಏನೂ ಬರೆಯದೆ ಸಹಿ ಹಾಕಿದರು.

ಈಗ ನಮ್ಮ ಕಾಲೇಜಿನ ಹೈಸ್ಕೂಲು ವಿಭಾಗಕ್ಕೂ ಪ್ರಶಿಕ್ಷಣಾರ್ಥಿಗಳು ಬರುತ್ತಾರೆ. ಕಂಕುಳಲ್ಲಿ ಸುತ್ತಿದ ಚಾರ್ಟು, ಕೈಯಲ್ಲಿ ಬೈಂಡು ಮಾಡಿಸಿದ ಪಾಠದ ಪುಸ್ತಕ. ಮೊನ್ನೆ ಒಬ್ಬ ಹುಡುಗಿ ಯೋಜನೆ ತೋರಿಸಲು ಸ್ಟಾಫ್ ರೂಮಿಗೆ ಬಂದಳು. ಪೂರ್ವಜ್ಞಾನ: 'ವಿದ್ಯಾರ್ಥಿಗಳು ನಮ್ಮ ಹಬ್ಬಗಳ ಬಗ್ಗೆ ತಿಳಿದಿದ್ದಾರೆ.'

"ಯಾವ್ ಹಬ್ಬ ಅಮ್ಮಾ?" ಅಂದೆ.

"ಎಲ್ಲಾ ಹಬ್ಬಾನೂ ಸಾರ್. ಗಣೇಶ, ದೀಪಾವಳಿ..."

"ನಿಮ್ಮೂರಲ್ಲಿ ಮಾರಿಹಬ್ಬ ಮಾಡಲ್ವ?"

ಅವಳು ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಕೇಳಿದಳು. "ಅದನ್ನೆಲ್ಲ ಇದ್ರಲ್ಲಿ ಬರೀಬಹುದಾ ಸಾರ್?"