ಮೀಟರಿಗೆ ಇಪ್ಪತ್ತು ವರ್ಷ

ಆಸ್ಟ್ರಿಯಾದ ಹಾಲ್‌ಶ್ಟಾಟ್ ಹಳ್ಳಿಯ ಜನಸಂಖ್ಯೆ ಸುಮಾರು 750. ಜನ ಮುತ್ತುವ ದಿನಗಳಲ್ಲಿ ಅಲ್ಲಿಗೆ ಬಂದುಹೋಗುವವರು 10,000 ದಾಟುವುದುಂಟು. ಊರಿನ ಒಬ್ಬೊಬ್ಬರಿಗೂ ಹದಿಮೂರು ಜನ ನೆಂಟರು! ಬಹುಪಾಲು ಮಂದಿ ಸರೋವರದ ದಂಡೆಯಲ್ಲಿ ಚರ್ಚಿನ ಚೂಪು ಗೋಪುರದ ಫೋಟೊ ಹೊಡೆದುಕೊಂಡು ಬಸ್ಸು ಹತ್ತುತ್ತಾರೆ. ಬೆರಗಿರುವುದು ಅವರ ಬೆನ್ನ ಹಿಂದಿನ ಬೆಟ್ಟದಲ್ಲಿ.

ಆ ಬೆಟ್ಟದ ಹೊಟ್ಟೆ ತುಂಬ ಉಪ್ಪು. ಮನುಷ್ಯ ಅದರ ಬೆನ್ನು ಹತ್ತಿ 7,000 ವರ್ಷವಾಯಿತು. ಊರಿನಿಂದ ಗಣಿಯ ಕಣಿವೆಗೆ ಅಂಕುಡೊಂಕು ಕಾಲುದಾರಿಯಲ್ಲಿ ಏರಬೇಕಾದ ಎತ್ತರ ಸುಮಾರು 350 ಮೀಟರ್. ಭಾಗಿಸಿದರೆ ಮೀಟರಿಗೆ ಇಪ್ಪತ್ತು ವರ್ಷ. ಇದೇ ಲೆಕ್ಕ ಹಿಡಿದು, ಇಂದಿನಿಂದ ಹಿಂದಕ್ಕೆ ಹತ್ತೋಣ.

ಏಳು ಮೀಟರ್ ಏರುವ ಮೊದಲೇ 1890 ಬರುತ್ತದೆ. ಅದಕ್ಕೂ ಹಿಂದೆ ಊರಿಗೆ ರಸ್ತೆಯೇ ಇರಲಿಲ್ಲ, ದೋಣಿಯಲ್ಲೋ ಕಾಡುದಾರಿಯಲ್ಲೋ ಬರಬೇಕಿತ್ತು. ಊರಿನ ಇನ್ನೊಂದು ಚರ್ಚಿನ ಪಕ್ಕದ ಅಸ್ಥಿಗೃಹಕ್ಕೆ ಇಣುಕಿ ಮುಂದೆ ಹೋಗಬಹುದು. ಸ್ಮಶಾನದಲ್ಲಿ ಜಾಗ ಸಾಲದೆ ಅಗೆದು ತೆಗೆದ 1,200ಕ್ಕೂ ಹೆಚ್ಚು ತಲೆಬುರುಡೆಗಳು ಅಲ್ಲಿವೆ. ಅರ್ಧದಷ್ಟರ ಮೇಲೆ ಎಲೆ, ಹೂವು, ಹೆಸರು ಬರೆದಿದ್ದಾರೆ. ಇಡೀ ಊರಿನ ಜನರಿಗಿಂತ ಆ ಒಂದು ಕೋಣೆಯ ಬುರುಡೆಗಳೇ ಹೆಚ್ಚು.

ಇಪ್ಪತ್ತೊಂದನೆಯ ಮೀಟರಿನಲ್ಲಿ ಕೊಳವೆಮಾರ್ಗ. ಉಪ್ಪುನೀರನ್ನು ಎಬೆನ್‌ಸೇಗೆ ಸಾಗಿಸಲು 1595ರಿಂದ 1607ರವರೆಗೆ 13,000 ಮರದ ದಿಮ್ಮಿಗಳ ತಿರುಳು ಕೊರೆದು ಜೋಡಿಸಿದರು. ಉದ್ದ 40 ಕಿಲೋಮೀಟರ್, ಅಂದರೆ ಮೂರು ಮೀಟರಿಗೊಂದು ಜೋಡಣೆ. ಸೋರದಂತೆ ಕಾದವರ ಪಾಡು ನೆನೆದೇ ನನಗೆ ಸುಸ್ತು.

ಆಮೇಲೆ ನೂರು ಮೀಟರ್ ಸುಮ್ಮನೆ ಏರಬೇಕು. ಸುಮಾರು 120ರಿಂದ 140ರ ನಡುವೆ ಕಬ್ಬಿಣಯುಗದ ಗೋರಿಗಳು. ಗಣಿಯ ಅಧಿಕಾರಿ ಯೋಹಾನ್ ಗೇಯೋರ್ಗ್ ರಾಮ್ಸಾವರ್ 1846ರಿಂದ 1863ರವರೆಗೆ ಅಗೆಸಿದ್ದು 980. ಯುರೋಪಿನಲ್ಲಿ ಆ ಯುಗದ ಮೊದಲ ಘಟ್ಟಕ್ಕೇ ಈ ಹಳ್ಳಿಯ ಹೆಸರಾಯಿತು.

168ನೇ ಮೀಟರಿಗೆ ಬಂದಾಗ ಗಣಿಯೊಳಗಿನ ಮರದ ಮೆಟ್ಟಿಲುಸಾಲು. ಉಪ್ಪು ಅದನ್ನು ಕೊಳೆಯಗೊಡಲಿಲ್ಲ. ಮರದ ಉಂಗುರ ಎಣಿಸಿದಾಗ ಕ್ರಿ.ಪೂ. 1344 ಎಂದು ತಿಳಿಯಿತು. ಇನ್ನೂ ಬೆಟ್ಟದ ಅರ್ಧವೂ ಆಗಿಲ್ಲ.

ಇದೆಲ್ಲ ಅಗೆದವರ ಲೆಕ್ಕ. ಉಪ್ಪಿನದ್ದು ಬೇರೆ. ಒಂದು ಕಡಲು ಬತ್ತಿ ಅದು ಕಟ್ಟಿಕೊಂಡಿದ್ದು ಸುಮಾರು 25 ಕೋಟಿ ವರ್ಷಗಳ ಹಿಂದೆ. ಅಷ್ಟು ಹಿಂದಕ್ಕೆ ಹೋಗಲು ಇದೇ ದರದಲ್ಲಿ 12,500 ಕಿಲೋಮೀಟರ್ ಎತ್ತರದ ಬೆಟ್ಟ ಬೇಕು. ಭೂಮಿಯ ವ್ಯಾಸವೇ 12,742.